ಎಲೆ ನುಂಗುವ ಮಿಷನ್ನು

ಬ್ಯಾಟರಾಯನಪುರದಲ್ಲಿ ಹುಲ್ಲು ಬೆಳೆಸಿದವರು ಬೇರೆ ಯಾರೂ ಇಲ್ಲ ಅಂತಲ್ಲ. ಆದರೆ ಧನಲಕ್ಷ್ಮಿ ಬೆಳೆಸಿದಂಥ ಹುಲ್ಲು ಹೆಬ್ಬಾಳದಿಂದ ಯಲಹಂಕದವರೆಗೆ ಯಾರ ಮನೆ ಮುಂದೆಯೂ ಇರಲಿಲ್ಲ. ಹತ್ತು ಗುಂಟೆ ಜಾಗ. ಎರಡು ಅಪಾರ್ಟ್‌ಮೆಂಟುಗಳ ನಡುವೆ ಯಾರೋ ಬೀಳಿಸಿಹೋದ ಹಸಿರು ಕರ್ಚೀಫಿನ ಹಾಗಿತ್ತು. ಹತ್ತು ವರ್ಷದ ಹಿಂದೆ ಗಂಡ ಮುನಿಆಂಜಿನಪ್ಪ ಅದನ್ನು ನಾಮಕರಣ, ನಿಶ್ಚಿತಾರ್ಥ, ರಿಸೆಪ್ಷನ್ನುಗಳಿಗೆ ಬಾಡಿಗೆಗೆ ಕೊಡುತ್ತೀನಿ ಅಂತ ಹೊರಟಾಗ ಅಲ್ಲಿದ್ದದ್ದು ಬರೀ ಕೆಂಪು ಮಣ್ಣು. ಧನಲಕ್ಷ್ಮಿ ಗೇಣಿಗೊಂದರಂತೆ ಹುಲ್ಲಿನ ತುಂಡು ನೆಟ್ಟು, ಒಂದು ಬೇಸಿಗೆ ಪೂರ್ತಿ ಬಿಂದಿಗೆಯಲ್ಲಿ ನೀರು ಹೊತ್ತು, ಆ ಮಣ್ಣಿಗೆ ಜೀವ ಬರಿಸಿದಳು. ಈಗ ಅಲ್ಲಿಗೆ ಬಂದವರು ಚಪ್ಪಲಿ ಬಿಡದೆ ಒಳಗೆ ಕಾಲಿಡುತ್ತಿರಲಿಲ್ಲ. ಬಿಟ್ಟು ಕೂತವರನ್ನು ಊಟಕ್ಕೆ ಎಬ್ಬಿಸಲು ನಾಲ್ಕು ಜನ ಬೇಕಾಗುತ್ತಿತ್ತು.

ತಕರಾರು ಹುಲ್ಲಿನದಲ್ಲ, ಮರಗಳದ್ದು. ಸುತ್ತಲೂ ಏಳು ಮಹಾಗನಿ, ಎರಡು ಹೊಂಗೆ. ಸಂಕ್ರಾಂತಿಯ ಎಳ್ಳುಬೆಲ್ಲ ಇನ್ನೂ ಡಬ್ಬಿಯಲ್ಲಿದ್ದಾಗಲೇ ಒಂಬತ್ತೂ ಮರ ಒಳಗೊಳಗೇ ಮಾತಾಡಿಕೊಂಡ ಹಾಗೆ ಉದುರಲು ಶುರು ಮಾಡಿದವು. ಧನಲಕ್ಷ್ಮಿ ಈ ತುದಿಯಿಂದ ಗುಡಿಸಿಕೊಂಡು ಆ ತುದಿಗೆ ಹೋಗಿ ಹಿಂತಿರುಗಿ ನೋಡಿದರೆ ಈ ತುದಿ ಮತ್ತೆ ಕಾಣುತ್ತಿರಲಿಲ್ಲ. ಆ ವರ್ಷದ ಎಲೆಯನ್ನೆಲ್ಲ ಲಾರಿಗೆ ತುಂಬಿದ್ದರೆ ಮೊದಲನೇ ಲಾರಿ ದೇವನಹಳ್ಳಿ ಮುಟ್ಟಿದಾಗ ಕೊನೇ ಲಾರಿ ಇನ್ನೂ ಅವರ ಗೇಟಿನಲ್ಲೇ ಹಾರ್ನ್ ಹೊಡೆಯುತ್ತಿತ್ತು.

ಐವತ್ನಾಲ್ಕು ವರ್ಷದ ಅವಳ ಸೊಂಟ ಒಂದು ಭಾನುವಾರ ಕೈಕೊಟ್ಟಿತು. ಎಲೆ ಬಾಚಲು ಬಗ್ಗಿದವಳು ಬಗ್ಗಿದ ಹಾಗೇ ಅಡುಗೆಮನೆಗೆ ಬಂದು, ಬಗ್ಗಿದ ಹಾಗೇ ಮುದ್ದೆ ತೊಳಸಿ, ಬಗ್ಗಿದ ಹಾಗೇ ಎಲ್ಲರ ತಟ್ಟೆಗೂ ಅವರೆಕಾಯಿ ಸಾರು ಬಿಟ್ಟಳು. ಮುನಿಆಂಜಿನಪ್ಪ ಅದನ್ನು ನೋಡಿದ. ನೋಡಿ, ಮುದ್ದೆಗೆ ಗುಳಿ ಮಾಡುತ್ತಾ ತೀರ್ಪು ಕೊಟ್ಟ. ಆ ಮನೆಯಲ್ಲಿ ಅವನ ತೀರ್ಪುಗಳೆಲ್ಲ ಮುದ್ದೆಯ ಜೊತೆಗೇ ಬರುತ್ತಿದ್ದವು.

"ಹುಲ್ಲೆಲ್ಲ ಕಿತ್ತು ಇಂಟರ್‌ಲಾಕ್ ಟೈಲ್ಸ್ ಹಾಕ್ಸಿಬಿಡ್ತೀನಿ. ಮುನೇಶನ ಹತ್ರ ಮಾತಾಡಿದ್ದೀನಿ."

ಮುನೇಶ ಅವರಿಗೆ ದೂರದ ನೆಂಟ, ಟೈಲ್ಸ್ ಕಂಟ್ರಾಕ್ಟರ್. ಜಕ್ಕೂರಿನ ಈಚೆ ಒಂದು ಹಿಡಿ ಬರೀ ಮಣ್ಣು ಕಂಡರೂ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

"ಟೈಲ್ಸ್ ಮೇಲೆ ಎಲೆ ಬೀಳಲ್ವಾ?" ಕೇಳಿದಳು ಧನಲಕ್ಷ್ಮಿ.

"ಬಿದ್ರೆ ಪೈಪಲ್ಲಿ ನೀರು ಬಿಟ್ಟು ತಳ್ಳೋದು. ನಿನ್ನ ಸೊಂಟಕ್ಕೇ ಕಣೇ ನಾನು ಹೇಳ್ತಿರೋದು."

"ನನ್ನ ಸೊಂಟಕ್ಕೆ ಒಂದು ಮಿಷನ್ ತನ್ನಿ. ನನ್ನ ಹುಲ್ಲಿನ ತಲೆ ಮೇಲೆ ಕಲ್ಲು ಯಾಕೆ ಹೇರ್ತೀರಿ?"

ಮಿಷನ್ ಅನ್ನೋ ಮಾತು ಬಿದ್ದದ್ದೇ ತಡ, ಊಟದ ಮನೆ ವಿಧಾನಸಭೆಯಾಯಿತು. ಮಗ ಶಿವರಾಮ್ ಸೌಂಡು, ಲೈಟಿನ ಬಾಡಿಗೆ ಅಂಗಡಿ ಇಟ್ಟವನು. ಸದ್ದು ಮಾಡದ ಯಾವುದರ ಮೇಲೂ ಅವನಿಗೆ ನಂಬಿಕೆಯಿಲ್ಲ. ಗಾಳಿ ಊದುವ ಬ್ಲೋವರ್ ತಂದರೆ ಹತ್ತು ನಿಮಿಷದಲ್ಲಿ ಎಲೆ ಮಂಗಮಾಯ ಅಂದ. ಸೊಸೆ ಸರಳಾ ಸಹಕಾರ ನಗರದ ಒಂದು ಲ್ಯಾಬಿನಲ್ಲಿ ಬಿಲ್ಲಿಂಗ್ ನೋಡಿಕೊಳ್ಳುವವಳು. ಎಡಗೈಯಲ್ಲೇ ಮೊಬೈಲಿನಲ್ಲಿ ಹದಿನಾಲ್ಕು ಥರದ ಮಿಷನ್ ತೆಗೆದು ತೋರಿಸಿದಳು. ಮೂಲೆಯಲ್ಲಿ ಕೂತು ಸಾರು ಹೀರುತ್ತಿದ್ದ ಧನಲಕ್ಷ್ಮಿಯ ಅತ್ತೆ ದೊಡ್ಡಮುನಿಯಮ್ಮ, ಎಂಬತ್ತೆರಡು ವರ್ಷದವಳು, ತಲೆ ಎತ್ತದೆ ಹೇಳಿದಳು:

"ಒಂದು ಅಸ ಕಟ್ಟಾಕಿ. ಉಲ್ಲೂ ಮೇಯ್ತದೆ, ಆಲೂ ಕರೀತದೆ. ದುಡ್ಡು ಕೊಟ್ಟು ಉಲ್ಲು ಕುಯ್ಸೋರ್ನ ನಾನು ಇಂಗೆ ಎಲ್ಲೂ ಕಂಡಿಲ್ಲ."

"ರಿಸೆಪ್ಷನ್‌ಗೆ ಬಂದೋರು ಸಗಣಿ ಮೇಲೆ ಕೂತ್ಕೋತಾರಾ ಅಜ್ಜಿ?" ಅಂದ ಶಿವರಾಮ್.

"ನೀನು ಉಟ್ಟಿದ್ದೇ ಕೊಟ್ಟಿಗೆ ಪಕ್ಕ ಕಣೋ."

ಕೊನೆಗೆ ಮುನಿಆಂಜಿನಪ್ಪ ಕೈ ತೊಳೆದು ಗಡುವು ಕೊಟ್ಟ. ಗಂಗಾನಗರದ ಮುನಿಕೆಂಪಮ್ಮನ ಮೊಮ್ಮಗಳ ರಿಸೆಪ್ಷನ್ ಫೆಬ್ರವರಿಯ ಕೊನೇ ಭಾನುವಾರ. ಆರುನೂರು ಜನ. ಮುನಿಕೆಂಪಮ್ಮ ಜಾಗ ನೋಡಲು ಬಂದಾಗ ತುರುಬಿನಿಂದ ಎರಡು ಸಲ ಎಲೆ ಕಿತ್ತು, ಎರಡನ್ನೂ ಮುನಿಆಂಜಿನಪ್ಪನ ಕೈಗೇ ಕೊಟ್ಟು ಹೋಗಿದ್ದಳು. ಆ ಭಾನುವಾರ ಹುಲ್ಲು ಕನ್ನಡಿಯ ಹಾಗಿದ್ದರೆ ಸರಿ. ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆ ಮುನೇಶ.

ಉಳಿದದ್ದು ಐದು ವಾರ.

ಮೊದಲ ವಾರ ಶಿವರಾಮನದು. ಗೆಳೆಯನೊಬ್ಬನಿಂದ ಬ್ಲೋವರ್ ತಂದು ಬೆನ್ನಿಗೆ ಕಟ್ಟಿಕೊಂಡು, ಚಂದ್ರಲೋಕಕ್ಕೆ ಹೊರಟವನ ಹಾಗೆ ನಿಂತು, ದಾರ ಎಳೆದ. ಆ ಸದ್ದಿಗೆ ಹೆಬ್ಬಾಳ ಕೆರೆಯ ಕೊಕ್ಕರೆಗಳು ಎದ್ದು ಪುಲಿಕಾಟ್ ಸರೋವರದ ಕಡೆ ಹೋದವು, ಇನ್ನೂ ವಾಪಸ್ ಬಂದಿಲ್ಲ. ಎಲೆ ಎದ್ದದ್ದೇನೋ ನಿಜ. ಎದ್ದ ಎಲೆಯ ಕಾಲುಭಾಗ ಪಕ್ಕದ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಬಾಲ್ಕನಿ ಸೇರಿತು. ಇನ್ನು ಕಾಲುಭಾಗ ದೊಡ್ಡಮುನಿಯಮ್ಮ ಒಣಗಲು ಹಾಕಿದ್ದ ಮೆಣಸಿನಕಾಯಿಯ ಮೇಲೆ ಕೂತಿತು. ಉಳಿದರ್ಧ ಒಂದು ಮೂಲೆಯಲ್ಲಿ ಗುಡ್ಡವಾಯಿತು. ಆ ಗುಡ್ಡವನ್ನು ಚೀಲಕ್ಕೆ ತುಂಬಲು ಬಗ್ಗಿದ್ದು ಯಾರು? ಧನಲಕ್ಷ್ಮಿ.

"ನೋಡಿದ್ಯಾ ಅಮ್ಮ, ಹತ್ತೇ ನಿಮಿಷ," ಅಂದ ಶಿವರಾಮ್, ಕಿವಿಯಿಂದ ಹತ್ತಿ ತೆಗೆಯುತ್ತಾ.

"ನೋಡ್ದೆ ಕಣಪ್ಪ. ನಿನ್ನ ಹತ್ತು ನಿಮಿಷ ತುಂಬೋಕೆ ನಂಗೆ ಎರಡು ಗಂಟೆ ಬೇಕು."

ಅಪಾರ್ಟ್‌ಮೆಂಟಿನವರು ಬಂದು ಜಗಳವಾಡಿ ಹೋದರು. ದೊಡ್ಡಮುನಿಯಮ್ಮ ಮೆಣಸಿನಕಾಯಿಯಿಂದ ಒಂದೊಂದೇ ಎಲೆ ಆರಿಸುತ್ತಾ, ಮೂರು ದಿನ ಮೊಮ್ಮಗನ ಜೊತೆ ಮಾತಾಡಲಿಲ್ಲ. ಮೊಮ್ಮಗನಿಗಂತೂ ಮೂರು ದಿನ ಯಾರು ಮಾತಾಡಿದರೂ ಕೇಳಿಸುತ್ತಿರಲಿಲ್ಲ.

ಎರಡನೇ ವಾರ ಯಜಮಾನನದು. ಗೊರಗುಂಟೆಪಾಳ್ಯದಲ್ಲಿ ಮಂಜೂರ್ ಭಾಯ್ ಅಂತ ಒಬ್ಬ, ತೋಟದ ಮಿಷನ್ನುಗಳನ್ನು ಮಾರುವವನೂ ಹೌದು, ರಿಪೇರಿ ಮಾಡುವವನೂ ಹೌದು. ಅವನ ಶೆಡ್ಡಿಗೆ ಗಂಡ, ಹೆಂಡತಿ, ಸೊಸೆ ಮೂವರೂ ಹೋದರು. ಮುನಿಆಂಜಿನಪ್ಪ ಒಳಗೆ ಕಾಲಿಟ್ಟವನೇ ಎಲ್ಲಕ್ಕಿಂತ ದೊಡ್ಡದರ ಮೇಲೆ ಹತ್ತಿ ಕೂತ. ಟ್ರ್ಯಾಕ್ಟರಿನ ತಮ್ಮನ ಹಾಗಿದ್ದ ಅದಕ್ಕೆ ಸೀಟಿತ್ತು, ಸ್ಟಿಯರಿಂಗ್ ಇತ್ತು, ಚಹಾ ಲೋಟ ಇಡಲು ಜಾಗವೂ ಇತ್ತು. ಅದರ ಮೇಲೆ ಕೂತವನ ಮುಖ ನೋಡಿದರೆ ಮೈಸೂರು ದಸರೆಯ ಅಂಬಾರಿ ಅವನಿಗೆ ಸಾಲದು ಅನ್ನಿಸಬೇಕು.

ಎಷ್ಟು ಜಾಗ ಅಂತ ಮಂಜೂರ್ ಕೇಳಿದ. ವಿಶಾಲವಾಗಿದೆ, ಲೆಕ್ಕಕ್ಕೆ ಸಿಗಲ್ಲ ಅಂದ ಮುನಿಆಂಜಿನಪ್ಪ.

"ಹತ್ತು ಗುಂಟೆ," ಅಂದಳು ಧನಲಕ್ಷ್ಮಿ. "ಒಳಗಿನ ಗೇಟು ನಾಲ್ಕಡಿ. ಒಂಬತ್ತು ಮರ. ಬೇರು ಮೇಲೆ ಬಂದಿದೆ."

ಮಂಜೂರ್ ಅಲ್ಲಿಂದ ಮುಂದಕ್ಕೆ ಯಜಮಾನನ ಕಡೆ ನೋಡುವುದನ್ನೇ ಬಿಟ್ಟ. "ಯಜಮಾನ್ರೇ, ಇಳೀರಿ. ಇದು ನಿಮ್ಮ ಗೇಟಲ್ಲಿ ಹೋಗ್ಬೇಕು ಅಂದ್ರೆ ಬಿಚ್ಚಿ ಚೂರು ಚೂರು ಒಳಗೆ ತಗೊಂಡೋಗ್ಬೇಕು. ಅಮ್ಮಾ, ನೀವು ಈ ಕಡೆ ಬನ್ನಿ."

ಧನಲಕ್ಷ್ಮಿ ಮಿಷನ್ ಆರಿಸಿದ ರೀತಿಯನ್ನು ಗೊರಗುಂಟೆಪಾಳ್ಯದಲ್ಲಿ ಇವತ್ತಿಗೂ ಹೇಳಿಕೊಳ್ಳುತ್ತಾರೆ. ಅವಳು ರೇಟು ಕೇಳಲಿಲ್ಲ, ಬಣ್ಣ ನೋಡಲಿಲ್ಲ. ಒಂದೊಂದನ್ನೂ ಹಿಡಿದು, ಶೆಡ್ಡಿನ ಮುಂದಿನ ಜಲ್ಲಿಯ ಮೇಲೆ ಇಪ್ಪತ್ತು ಹೆಜ್ಜೆ ತಳ್ಳಿ, ತಿರುಗಿಸಿ, ವಾಪಸ್ ತಂದಳು. ಕರೆಂಟಿನದು ಬೇಡ ಅಂದಳು. ವೈರು ಒಂಬತ್ತು ಮರಕ್ಕೂ ಸುತ್ತಿಕೊಂಡು ಕೊನೆಗೆ ತನಗೇ ಸುತ್ತಿಕೊಳ್ಳುತ್ತೆ. ಬ್ಯಾಟರಿಯದು ಅರ್ಧ ಗಂಟೆಗೆ ಮಲಗುತ್ತೆ ಅಂತ ಸರಳಾ ಓದಿ ಹೇಳಿದಳು, ಅದನ್ನೂ ಬಿಟ್ಟಳು. ಕೊನೆಗೆ ಒಂದು ಪೆಟ್ರೋಲಿನದು. ನಾಲ್ಕು ಚಕ್ರ, ಹಿಂದೆ ದೊಡ್ಡ ಚೀಲ. ಬ್ಲೇಡನ್ನು ಮೇಲೆ ಕೆಳಗೆ ಮಾಡಲು ಪಕ್ಕದಲ್ಲಿ ಒಂದು ಹಿಡಿ. ತಳ್ಳುವ ಹ್ಯಾಂಡಲನ್ನು ಅವಳ ಎತ್ತರಕ್ಕೆ ಸರಿಯಾಗಿ ಮಂಜೂರ್ ಏರಿಸಿಕೊಟ್ಟ. ಅವಳು ತಳ್ಳಿದಳು. ಇಪ್ಪತ್ತು ಹೆಜ್ಜೆ ಹೋದಳು, ಮೂವತ್ತು ಹೋದಳು, ಸೊಂಟ ಬಾಗಲಿಲ್ಲ. ಸರಳಾ ಕರೆಯದಿದ್ದರೆ ತುಮಕೂರು ರಸ್ತೆ ಹಿಡಿದು ಹಾಗೇ ತುಮಕೂರಿಗೇ ಹೋಗಿಬಿಡುತ್ತಿದ್ದಳು.

"ಇದು ಹುಲ್ಲಿಗಾಯ್ತು. ಎಲೆಗೆ?" ಕೇಳಿದ ಮುನಿಆಂಜಿನಪ್ಪ.

ಧನಲಕ್ಷ್ಮಿ ಕೇಳೋಣವೆಂದು ಹಿಂತಿರುಗಿ ನೋಡಿದಳು. ಮಂಜೂರ್ ಬೇರೆ ಗಿರಾಕಿಯ ಹತ್ತಿರ ಹೋಗಿದ್ದ. ಹುಲ್ಲನ್ನಾದರೂ ಕತ್ತರಿಸಲಿ, ಎಲೆಯ ವಿಷಯ ಆಮೇಲೆ ಅಂತ ಅವಳು ಹಟ ಹಿಡಿದಳು. ಇವಳು ಸೋತಾಗ ತನ್ನ ಮೇಲೆ ತಪ್ಪು ಬರಬಾರದು ಅನ್ನುವ ಮುಂದಾಲೋಚನೆಯಿಂದ ಗಂಡ ಒಪ್ಪಿದ. ಮನೆಗೆ ಬರುವ ದಾರಿಯಲ್ಲೇ ಮುನೇಶನಿಗೆ ಫೋನು ಮಾಡಿ, ಬೂದು ಬಣ್ಣದ ಟೈಲ್ಸ್ ಸಾಕು ಅಂತಲೂ ಹೇಳಿದ.

ಮಿಷನ್ ಬಂದದ್ದು ಶುಕ್ರವಾರ. ಆ ಮನೆಯಲ್ಲಿ ಪೂಜೆಯಾಗದೆ ಕೆಲಸಕ್ಕೆ ಇಳಿದ ಯಂತ್ರ ಒಂದೂ ಇರಲಿಲ್ಲ. ಬೋರ್‌ವೆಲ್ ಮೋಟರಿಗೆ ಪೂಜೆ, ಗ್ರೈಂಡರಿಗೆ ಪೂಜೆ, ಸರಳಾ ತಂದ ಹೇರ್ ಡ್ರೈಯರಿಗೂ ಅಜ್ಜಿ ಕದ್ದು ಕುಂಕುಮ ಇಟ್ಟಿದ್ದಳು. ಇನ್ನು ಚಕ್ರವಿರುವ ಗಾಡಿಯನ್ನು ಬಿಡುತ್ತಾರೆಯೇ? ಮುನಿಆಂಜಿನಪ್ಪ ಯಶವಂತಪುರದ ಮಾರ್ಕೆಟ್ಟಿಂದ ಆನೆಗೆ ಹಾಕುವಂಥ ಚೆಂಡುಹೂವಿನ ಹಾರ ತಂದ. ಚಿಕ್ಕ ಹಾರ ಸಾಕು ಅಂತ ಸರಳಾ ಹೇಳಿದ್ದಕ್ಕೆ, ಗಾಡಿಗೆ ಅವಮಾನ ಮಾಡಬಾರದು ಅಂದ. ಇಂಜಿನ್ನಿಗೆ ಮೂರು ಪಟ್ಟೆ ವಿಭೂತಿ, ಹ್ಯಾಂಡಲ್ಲಿಗೆ ಅರಿಶಿನ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಬೂದುಗುಂಬಳ ಒಡೆದ. ಕರ್ಪೂರ ಬೆಳಗಿದ. ಒಂದು ಅಡಿ ಮುಂದೆ ತಳ್ಳಿ ನಿಂಬೆಹಣ್ಣು ಹತ್ತಿಸು ಅಂದ.

ನಿಂಬೆಹಣ್ಣು ಹತ್ತಿಸುವುದು ಕಾರಿಗೆ ಸರಿ, ಸ್ಕೂಟರಿಗೆ ಸರಿ. ಹೊಟ್ಟೆಯಡಿಯಲ್ಲಿ ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವ ಕತ್ತಿಯಿಟ್ಟುಕೊಂಡ ಗಾಡಿಗೆ ಸರಿಯಾ ಅಂತ ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಶಿವರಾಮ್ ದಾರ ಎಳೆದ, ಇಂಜಿನ್ ಹತ್ತಿತು, ಧನಲಕ್ಷ್ಮಿ ತಳ್ಳಿದಳು. ಮುಂದಿನ ಎರಡು ನಿಂಬೆಹಣ್ಣಲ್ಲಿ ಒಂದು ಚಕ್ರದಡಿ ಅಪ್ಪಚ್ಚಿಯಾಯಿತು. ಇನ್ನೊಂದು ಜಾರಿ ಒಳಗೆ ನುಗ್ಗಿ ಗುಂಡು ಹಾರಿದ ಹಾಗೆ ಸದ್ದು ಮಾಡಿತು. ಅದರ ಹಿಂದೆಯೇ ಮುಂದಕ್ಕೆ ಜೋತುಬಿದ್ದಿದ್ದ ಹಾರ, ಹಾವು ಬಿಲಕ್ಕೆ ಸರಿದ ಹಾಗೆ, ಸರಸರ ಒಳಗೆ ಹೋಯಿತು. ಮಿಷನ್ನು ಒಂದು ಸಲ ಬಿಕ್ಕಳಿಸಿ ನಿಂತಿತು.

ಮೊದಲು ಬಾಯಿ ಬಿಟ್ಟವನು ಮುನಿಆಂಜಿನಪ್ಪ.

"ದೇವರೇ ಬೇಡ ಅಂತ ಹೇಳ್ಬಿಟ್ಟ. ನಾನೇನ್ ಮಾಡ್ಲಿ?"

"ದೇವರು ಹೇಳ್ಲಿಲ್ಲ ಮಾವ, ಹಾರದ ದಾರ ಸುತ್ಕೊಂಡಿದೆ," ಅಂದಳು ಸರಳಾ.

ಅವನು ಕೇಳಿಸಿಕೊಳ್ಳಲಿಲ್ಲ. ಮೊದಲ ದಿನವೇ ಅಪಶಕುನವಾದದ್ದು ಮನೆಯಲ್ಲಿರಬಾರದು, ಸೋಮವಾರವೇ ವಾಪಸ್ ಕೊಡಬೇಕು ಅಂದ. ಮುನೇಶನಿಗೆ ಅಡ್ವಾನ್ಸ್ ಕೊಡಲು ಅಂಗಿ ಹಾಕಿಕೊಂಡು ಹೊರಟೇಬಿಟ್ಟ. ಸಿಕ್ಕಿಕೊಂಡ ಹಾರಕ್ಕಿಂತ, ಹಾರ ದೊಡ್ಡದಾಯಿತು ಅಂತ ಸೊಸೆ ಮೊದಲೇ ಹೇಳಿದ್ದು ಅವನಿಗೆ ಹೆಚ್ಚು ಉರಿಯುತ್ತಿತ್ತು.

ಸರಳಾ ಮಂಜೂರನಿಗೆ ಫೋನು ಹಚ್ಚಿದಳು. ಮೊದಲು ಪ್ಲಗ್ಗಿನ ವೈರು ಕಿತ್ತಿಡಿ, ಆಮೇಲೆ ಕೈ ಹಾಕಿ ಅಂದ ಅವನು. ಹಾಗೇ ಮಾಡಿ, ಗಾಡಿ ವಾಲಿಸಿ, ಬ್ಲೇಡಿನ ಬುಡಕ್ಕೆ ಸುತ್ತಿದ್ದ ದಾರವನ್ನು ಕುಡುಗೋಲಿನ ತುದಿಯಿಂದ ಧನಲಕ್ಷ್ಮಿ ಎಳೆ ಎಳೆಯಾಗಿ ಕತ್ತರಿಸಿ ತೆಗೆದಳು. ದಾರ ಸಿಕ್ಕಿತು. ಆದರೆ ಹೂವು? ಆನೆಗಾಗುವಷ್ಟು ಹೂವಿನಲ್ಲಿ ಒಂದು ಹೂವೂ ಅಡಿಯಲ್ಲಿರಲಿಲ್ಲ.

ಹಿಂದಿನ ಚೀಲ ತೆಗೆದು ನೋಡಿದಳು. ಅಷ್ಟೂ ಅಲ್ಲಿತ್ತು. ಹಿಟ್ಟು ಜರಡಿ ಹಿಡಿದ ಹಾಗೆ ಸಣ್ಣಗೆ ಪುಡಿಯಾಗಿ, ನಿಂಬೆಹಣ್ಣಿನ ವಾಸನೆ ಹೊಡೆಯುತ್ತಾ, ಚೀಲದ ತಳದಲ್ಲಿ ಎರಡೇ ಹಿಡಿಯಷ್ಟು. ಧನಲಕ್ಷ್ಮಿ ಅದರಲ್ಲಿ ಒಂದು ಹಿಡಿ ತೆಗೆದು ಸೊಸೆಯ ಮುಂದೆ ಹಿಡಿದಳು.

"ಇದು ಹುಲ್ಲು ಒಂದೇ ತಿನ್ನತ್ತೆ ಅಂತ ಯಾರು ಹೇಳಿದ್ದು ಸರಳಾ?"

ಸರಳಾ ಹೂವನ್ನು ನೋಡಿದಳು. ಅತ್ತೆಯನ್ನು ನೋಡಿದಳು. ಮಹಾಗನಿ ಮರ ನೋಡಿದಳು.

ಮಾರನೆಯ ಬೆಳಿಗ್ಗೆ ಆರಕ್ಕೇ ಇಬ್ಬರೂ ಗಾಡಿಯನ್ನು ಎಲೆಯ ಮೇಲೆ ಬಿಟ್ಟರು. ಐದು ಹೆಜ್ಜೆಗೆ ಗಂಟಲು ಕಟ್ಟಿ ನಿಂತಿತು. ತೆಗೆದು ನೋಡಿದರೆ ಮಂಜಿನಲ್ಲಿ ನೆಂದ ಎಲೆ ರೊಟ್ಟಿಯ ಹಾಗೆ ಒಳಗೆ ಅಂಟಿತ್ತು. ಜಗಲಿಯ ಮೇಲಿಂದ ದೊಡ್ಡಮುನಿಯಮ್ಮ ನೋಡುತ್ತಿದ್ದಳು.

"ಒದ್ದೆ ರಾಗಿ ಬೀಸಿದ್ರೆ ಕಲ್ಲು ಓಡ್ತದಾ? ಬಿಸಿಲು ಏರ್ಲಿ ಕಣೇ ಧನಾ."

ಹತ್ತು ಗಂಟೆಗೆ ಬಿಸಿಲು ಏರಿತು. ಎಲೆ ಹಪ್ಪಳವಾಯಿತು. ಧನಲಕ್ಷ್ಮಿ ಪಕ್ಕದ ಹಿಡಿಯನ್ನು ಎತ್ತಿ ಬ್ಲೇಡನ್ನು ಎಲ್ಲಕ್ಕಿಂತ ಮೇಲಿನ ಗೀಟಿಗೆ ಇಟ್ಟು ತಳ್ಳಿದಳು. ಮುಂದೆ ಕಂದು, ಹಿಂದೆ ಹಸಿರು. ಚಾಪೆ ಬಿಚ್ಚಿದ ಹಾಗೆ ಹುಲ್ಲು ಬಿಚ್ಚಿಕೊಳ್ಳುತ್ತಾ ಹೋಯಿತು. ಮೊದಲು ಹತ್ತು ಗೋಣಿಯಾಗುತ್ತಿದ್ದ ಎಲೆ ಪುಡಿಯಾಗಿ ಒಂದೂವರೆ ಗೋಣಿಗೆ ಇಳಿಯಿತು. ಆ ಪುಡಿಯನ್ನು ದೊಡ್ಡಮುನಿಯಮ್ಮ ಮೂಗಿನ ಹತ್ತಿರ ಹಿಡಿದು ಮೂಸಿ, ತಿಪ್ಪೆಗೆ ಹಾಕಿದರೆ ಮಳೆಗಾಲಕ್ಕೆ ಗೊಬ್ಬರ ಅಂತ ಸರ್ಟಿಫಿಕೇಟ್ ಕೊಟ್ಟಳು. ಹಸುವಿನ ಮಾತು ಅವತ್ತಿಗೆ ನಿಂತಿತು. ಮರದ ಬುಡ, ಗೋಡೆಯ ಮೂಲೆಗೆ ಮಿಷನ್ ಹೋಗುತ್ತಿರಲಿಲ್ಲ. ಧನಲಕ್ಷ್ಮಿ ಶಿವರಾಮನನ್ನು ಕರೆದು, ನಿನ್ನ ಬ್ಲೋವರ್ ಮೆಲ್ಲಗೆ ಇಟ್ಟು ಮೂಲೆ ಎಲೆಯನ್ನು ನಡುವಿಗೆ ತಳ್ಳಿಕೊಡು, ಬಾಲ್ಕನಿಗೆ ಬೇಡ ಅಂದಳು. ಒಂದು ವಾರದಿಂದ ಮುಖ ಊದಿಸಿಕೊಂಡಿದ್ದವನು ಅವತ್ತು ಮೂರು ಮುದ್ದೆ ಉಂಡ.

ಇದೆಲ್ಲ ನಡೆಯುವಾಗ ಮುನಿಆಂಜಿನಪ್ಪ ನಡುಮನೆಯ ಕಿಟಕಿಯಲ್ಲಿ ಪೇಪರ್ ಹಿಡಿದು ಕೂತಿರುತ್ತಿದ್ದ. ಪೇಪರ್ ತಲೆಕೆಳಗಾಗಿತ್ತು ಅಂತ ಸರಳಾ ಹೇಳುತ್ತಾಳೆ. ಮಿಷನ್ ವಾಪಸ್ ಕೊಡುವ ಸೋಮವಾರ ಬಂತು, ಹೋಯಿತು. ಅವನು ಆ ಮಾತು ಎತ್ತಲಿಲ್ಲ. ಆದರೆ ಕೊಟ್ಟ ಅಡ್ವಾನ್ಸನ್ನೂ ವಾಪಸ್ ಕೇಳಲಿಲ್ಲ. ಮುನಿಕೆಂಪಮ್ಮ ಬರಲಿ, ಆಮೇಲೆ ಮಾತು ಅಂದ.

ರಿಸೆಪ್ಷನ್ನಿನ ಭಾನುವಾರ ಮಧ್ಯಾಹ್ನದವರೆಗೂ ಹುಲ್ಲು ತೊಳೆದ ತಟ್ಟೆಯ ಹಾಗಿತ್ತು. ಅಡುಗೆಯವರು ಬಂದರು, ಕುರ್ಚಿ ಬಂತು, ಸ್ಟೇಜಿಗೆ ಹೂವು ಕಟ್ಟಿದರು. ಮೂರೂವರೆಗೆ ಗಾಳಿ ಎದ್ದಿತು. ಅದೆಂಥ ಗಾಳಿ ಅಂದರೆ, ಯಲಹಂಕದ ಕಡೆ ಇಳಿಯಬೇಕಾದ ವಿಮಾನಗಳೂ ಒಂದು ಸುತ್ತು ಹೆಚ್ಚಿಗೆ ಹೊಡೆದವು. ಒಂಬತ್ತು ಮರ ಇದ್ದಬದ್ದ ಎಲೆಯನ್ನೆಲ್ಲ ಒಂದೇ ಉಸಿರಿಗೆ ಕೊಡವಿ ಬರಿಮೈಯಲ್ಲಿ ನಿಂತವು. ನಾಲ್ಕು ಗಂಟೆಗೆ ಹುಲ್ಲು ಎಲ್ಲಿದೆ ಅಂತ ಹುಡುಕಬೇಕಾಯಿತು. ಐದೂವರೆಗೆ ಮುನಿಕೆಂಪಮ್ಮನ ಮನೆಯವರು ಬರುವುದಿತ್ತು.

ಮುನಿಆಂಜಿನಪ್ಪ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದ. "ಆಯ್ತಲ್ಲ," ಅಂದ. ಅವನ ದನಿಯಲ್ಲಿ ಗೆದ್ದವನ ಖುಷಿ ಇರಲಿಲ್ಲ, ಅದು ಧನಲಕ್ಷ್ಮಿಗೂ ಕೇಳಿಸಿತು.

ಅವಳು ರೇಷ್ಮೆ ಸೀರೆ ಉಟ್ಟಾಗಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಲ್ಲಿಗೆ ದಂಡೆ ತೆಗೆದು ಅತ್ತೆಯ ಮಡಿಲಿಗೆ ಹಾಕಿ, ಮಿಷನ್ ಹತ್ತಿರ ಹೋದಳು.

"ಶಿವು, ಮೂಲೆ ಹಿಡಿ. ಸರಳಾ, ಚೀಲ ನಿಂದು." ಆಮೇಲೆ ಗಂಡನ ಕಡೆ ತಿರುಗಿದಳು. "ರೀ, ನೀವು ಕುರ್ಚಿ ಎತ್ತಿ ದಾರಿ ಬಿಡಿಸ್ಕೊಡಿ."

ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ಕೆಲಸ ಹೇಳಿದ್ದು ಅದೇ ಮೊದಲು. ಅವನು ಸುತ್ತ ನೋಡಿದ. ಅಡುಗೆಯವರು ನೋಡುತ್ತಿದ್ದರು. ಪಂಚೆ ಎತ್ತಿ ಕಟ್ಟಿ ಕುರ್ಚಿ ಎತ್ತತೊಡಗಿದ.

ಆ ಒಂದು ಗಂಟೆ ಹತ್ತು ನಿಮಿಷ ಬ್ಯಾಟರಾಯನಪುರ ಕಂಡದ್ದನ್ನು ಕುರುಕ್ಷೇತ್ರ ಕಂಡಿರಲಿಲ್ಲ. ಶಿವರಾಮ್ ಮೂಲೆಯಿಂದ ಎಲೆಯ ಹಿಂಡನ್ನು ಹೊಡೆದುಕೊಂಡು ಬಂದ. ಧನಲಕ್ಷ್ಮಿ ಅದರ ಮೇಲೆ ನೆಟ್ಟಗೆ, ಸೊಂಟ ಬಗ್ಗಿಸದೆ, ಗೆರೆ ಎಳೆದ ಹಾಗೆ ಹೋದಳು, ತಿರುಗಿದಳು, ಬಂದಳು. ಸರಳಾ ತುಂಬಿದ ಚೀಲ ಬಿಚ್ಚಿ ತಿಪ್ಪೆಗೆ ಓಡಿದಳು, ಖಾಲಿ ಚೀಲ ತಂದು ಸಿಕ್ಕಿಸಿದಳು. ಮುನಿಆಂಜಿನಪ್ಪ ಮುಂದೆ ಮುಂದೆ ಕುರ್ಚಿ ಎತ್ತುತ್ತಾ, ಹಿಂದೆ ಹಿಂದೆ ಇಡುತ್ತಾ ಆರುನೂರು ಕುರ್ಚಿಗೂ ಸಲಾಮು ಹೊಡೆದ. ಅಡುಗೆಯವರು ಬೋಂಡಾ ಎಣ್ಣೆಗೆ ಬಿಟ್ಟು ಮರೆತರು; ಒಂದು ಸುತ್ತು ಬೋಂಡಾ ಕಪ್ಪಾಯಿತು.

ಐದೂ ಇಪ್ಪತ್ತಕ್ಕೆ ಇಂಜಿನ್ ನಿಂತಿತು. ಐದೂ ಇಪ್ಪತ್ತೈದಕ್ಕೆ ಮುನಿಕೆಂಪಮ್ಮನ ಕಾರು ಬಂತು.

ಮುನಿಕೆಂಪಮ್ಮ ಗೇಟಿನಲ್ಲಿ ನಿಂತು ಹುಲ್ಲನ್ನು ಈ ಕೊನೆಯಿಂದ ಆ ಕೊನೆಗೆ ನೋಡಿದಳು. ಬೋಳು ಮರಗಳನ್ನು ನೋಡಿದಳು. ಮತ್ತೆ ಹುಲ್ಲನ್ನು ನೋಡಿದಳು. ಚಪ್ಪಲಿ ಬಿಟ್ಟಳು. ಅವಳ ಹಿಂದೆ ಬಂದ ಮೊಮ್ಮಗಳು ನಯನಾ, ಮದುಮಗಳು, ಹತ್ತು ಇಂಚು ಹಿಮ್ಮಡಿಯ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಸ್ಟೇಜಿಗೆ ನಡೆದಳು. ಆಮೇಲೆ ಬಂದ ಆರುನೂರು ಜನರೂ ಹಾಗೇ ಮಾಡಿದರು. ರಾತ್ರಿ ಊಟ ಮುಗಿದು ಹೋಗುವಾಗ ಗೇಟಿನಲ್ಲಿ ಚಪ್ಪಲಿ ಹುಡುಕುವ ಗಲಾಟೆ ಮದುವೆ ಗಲಾಟೆಗಿಂತ ದೊಡ್ಡದಾಯಿತು. ಹೊರಡುವಾಗ ಮುನಿಕೆಂಪಮ್ಮ ಧನಲಕ್ಷ್ಮಿಯ ಕೈ ಹಿಡಿದು, ಕಿರಿ ಮೊಮ್ಮಗಳದ್ದು ಮೇ ತಿಂಗಳಲ್ಲಿ, ಡೇಟು ಬರೆದಿಟ್ಟುಕೋ ಅಂದಳು. ಮುನಿಆಂಜಿನಪ್ಪನ ಹತ್ತಿರ ಹೇಳಲಿಲ್ಲ. ಅವನು ಪಕ್ಕದಲ್ಲೇ ನಿಂತಿದ್ದ.

ಸೋಮವಾರ ಹತ್ತು ಗಂಟೆಗೆ ಮುನೇಶ ಬಂದ. ಟೆಂಪೋದಲ್ಲಿ ಟೈಲ್ಸು, ಕೈಯಲ್ಲಿ ಅಳತೆ ಟೇಪು. ಧನಲಕ್ಷ್ಮಿ ಹಿಂದಿನ ದಿನದ ಹೂವಿನ ಎಸಳು, ಪೇಪರ್ ಚೂರಿನ ಮೇಲೆ ಗಾಡಿ ಓಡಿಸುತ್ತಿದ್ದಳು.

"ಎಲ್ಲಿಂದ ಶುರು ಮಾಡ್ಲಿ ಅಣ್ಣಾ?" ಕೇಳಿದ ಮುನೇಶ.

ಮುನಿಆಂಜಿನಪ್ಪ ಜಗಲಿಯ ಮೇಲೆ ಕೂತು ಸೊಂಟಕ್ಕೆ ಮುಲಾಮು ಹಚ್ಚಿಸಿಕೊಳ್ಳುತ್ತಿದ್ದ. ಆರುನೂರು ಕುರ್ಚಿ ಅಂದರೆ ಹುಡುಗಾಟವೇ?

"ನನ್ನ ಯಾಕೆ ಕೇಳ್ತೀಯ," ಅಂದ. "ಹುಲ್ಲು ಅವಳ್ದು. ಹೋಗಿ ಅವಳ್ನ ಕೇಳು."

ಅಜ್ಜಿ ಮುಲಾಮಿನ ಕೈ ನಿಲ್ಲಿಸಿ ಮಗನ ಮುಖ ನೋಡಿದಳು, ಮತ್ತೆ ಉಜ್ಜತೊಡಗಿದಳು. ಮುನೇಶ ಹುಲ್ಲಿನ ಅಂಚಿಗೆ ಹೋಗಿ ನಿಂತ. ಅಕ್ಕಾ ಅಂತ ಎರಡು ಸಲ ಕೂಗಿದ. ಧನಲಕ್ಷ್ಮಿ ಹಿಡಿದ ಗೆರೆ ಮುಗಿಸಿ, ತಿರುಗಿಸಿ, ಅವನ ಕಾಲಿನ ಹತ್ತಿರದವರೆಗೆ ತಂದು ಇಂಜಿನ್ ನಿಲ್ಲಿಸಿದಳು. ಅವನ ಟೇಪು ನೋಡಿದಳು, ಟೆಂಪೋ ನೋಡಿದಳು.

"ಕಾರು ನಿಲ್ಸೋ ಜಾಗಕ್ಕೆ ಹಾಕು. ಒಳಗಿನ ಗೇಟಿಂದ ಈಚೆ ಒಂದು ಕಲ್ಲು ಬರ್ಬಾರ್ದು," ಅಂದಳು. ತುಂಬಿದ ಚೀಲ ಬಿಚ್ಚಿ ಅವನ ಕೈಗೆ ಕೊಟ್ಟಳು. "ಮೊದ್ಲು ಇದನ್ನ ತಿಪ್ಪೆಗೆ ಸುರಿದು ಬಾ. ಚಪ್ಪಲಿ ಬಿಟ್ಟು ಹೋಗು."

ಮುನೇಶ ಚಪ್ಪಲಿ ಬಿಟ್ಟ.